ಮಗುಚಿ ನೋಡಿ ಕೊಂಡ ಗಿಟಾರ್

ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೊದಲು ಕಾಣುವುದು ಗಿಟಾರಿನ ಹೊಟ್ಟೆ. ಪೆಡಲ್ ಸ್ಟೀಲ್ ಗಿಟಾರ್ ಎಂದರೆ ಮೇಜಿನಂತೆ ಕಾಲುಗಳ ಮೇಲೆ ನಿಲ್ಲುವ, ಮುಂದೆ ಕೂತು ಪೆಡಲ್ ಒತ್ತುತ್ತಾ ನುಡಿಸುವ ವಾದ್ಯ. ಪೆಟ್ಟಿಗೆಯಲ್ಲಿ ಅದನ್ನು ಮಗುಚಿಯೇ ಇಟ್ಟಿರುತ್ತಾರೆ. ಹಾಗೆ ಮಗುಚಿರುವಾಗಲೇ ನಾಲ್ಕು ಕಾಲು ತಿರುಗಿಸಿ ಕೂರಿಸಿ, ಪೆಡಲ್‌ಗಳ ಪಟ್ಟಿ ಸಿಕ್ಕಿಸಿ, ಆಮೇಲೆ ಎತ್ತಿ ನೆಟ್ಟಗೆ ನಿಲ್ಲಿಸಬೇಕು. 2017ರ ಮಾರ್ಚ್‌ನಲ್ಲಿ ಒಂದು ಶನಿವಾರ, ಟೆಕ್ಸಸ್‌ನ ವೇಕೋ ಊರಿನಾಚೆ, ಒಬ್ಬ ಅಜ್ಜನ ಕಾರ್ ಶೆಡ್ಡಿನಲ್ಲಿ ನಾನು ಕಾಲು ಹಾಕಲು ಅವಸರಪಟ್ಟೆ. ಅಜ್ಜ ನನ್ನ ಭುಜ ಹಿಡಿದು ತಡೆದರು. "ಕಾಲು ಆಮೇಲೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನು" ಎಂದು ಕೈಗೆ ಟಾರ್ಚ್ ಕೊಟ್ಟರು.

ಆ ಮಾತಿನ ಬೆಲೆ ನನಗೆ ಆಗಲೇ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಬರೀ ಫೋಟೊ ನಂಬಿ ದೂರದ ಊರಿನಿಂದ ಒಂದು ಹಳೆಯ ಗಿಟಾರ್ ತರಿಸಿಕೊಂಡಿದ್ದೆ. ಮೇಲೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಯಾರೋ ಸುರಿದ ಎಣ್ಣೆ ಅಂಟಾಗಿ ಗಟ್ಟಿಯಾಗಿತ್ತು. ಪೆಡಲ್ ಒತ್ತಿದರೆ ಸ್ವರ ಏರುತ್ತಿತ್ತು, ಬಿಟ್ಟರೆ ತನ್ನ ಜಾಗಕ್ಕೆ ಮರಳುತ್ತಿರಲಿಲ್ಲ. ವಾಪಸ್ ಕಳಿಸಿದೆ, ಸಾಗಣೆಯ ದುಡ್ಡು ಹೋಯಿತು.

ಈ ವಾದ್ಯದ ಹುಚ್ಚು ಹಿಡಿದದ್ದು ಆಸ್ಟಿನ್‌ನ ಬ್ರೋಕನ್ ಸ್ಪೋಕ್‌ನಲ್ಲಿ. 1964ರಿಂದ ನಡೆದುಬಂದ, ತಗ್ಗು ಸೂರಿನ ಕುಣಿತದ ಮನೆ ಅದು. ಆಫೀಸಿನವರು ಕರೆದರೆಂದು ಹೋಗಿದ್ದೆ. ವೇದಿಕೆಯ ಮೂಲೆಯಲ್ಲಿ ಒಬ್ಬರು ಮೇಜಿನಂಥದ್ದರ ಮುಂದೆ ಕೂತು, ಎಡಗೈಯಲ್ಲಿ ಉಕ್ಕಿನ ಗುಂಡು ಸರಳನ್ನು ತಂತಿಗಳ ಮೇಲೆ ಜಾರಿಸುತ್ತಿದ್ದರು. ನಮ್ಮ ಗೋಟುವಾದ್ಯದ ತಮ್ಮನೇ ಇರಬೇಕು ಅಂದುಕೊಂಡೆ. ಆದರೆ ಸರಳು ನಿಂತಲ್ಲೇ ನಿಂತಿದ್ದಾಗಲೂ ನಾದದೊಳಗೆ ಏನೋ ಜರುಗುತ್ತಿತ್ತು. ಒಂದು ಸ್ವರ ಕದಲದೆ ನಿಂತಿದೆ, ಪಕ್ಕದ್ದು ನಿಧಾನಕ್ಕೆ ಮೇಲೇರುತ್ತಿದೆ. ಮೈಸೂರಿನ ಮನೆಯಲ್ಲಿ ಅತ್ತೆ ವೀಣೆಯ ತಂತಿಯನ್ನು ಮೆಟ್ಟಿಲ ಮೇಲೆ ಎಳೆದು ಗಮಕ ಹಿಡಿಯುತ್ತಿದ್ದದ್ದು ಹಾಗೇ ನೆನಪಾಯಿತು. ಗೋಟುವಾದ್ಯದ ಜಾರು, ವೀಣೆಯ ಎಳೆತ, ಎರಡೂ ಒಂದೇ ವಾದ್ಯದಲ್ಲಿ! ಎಳೆಯುವ ಕೆಲಸವನ್ನು ಕಾಲಿಗೆ ವಹಿಸಿದ್ದಾರೆ, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಜ್ಜನದು 1970ರ ದಶಕದಲ್ಲಿ ಡಲ್ಲಾಸ್‌ನಲ್ಲೇ ತಯಾರಾದ, ಎಂಎಸ್ಎ ಕಂಪನಿಯ ಗಿಟಾರ್. ಹತ್ತು ತಂತಿ, ಎ, ಬಿ, ಸಿ ಎಂದು ಕರೆಯುವ ಮೂರು ಪೆಡಲ್, ಮೊಣಕಾಲಿನಿಂದ ತಳ್ಳುವ ನಾಲ್ಕು ಲಿವರ್. ಟಾರ್ಚ್ ಬೆಳಕಿನಲ್ಲಿ ಅದರ ಹೊಟ್ಟೆ ಹಳೆಯ ಟೈಪ್‌ರೈಟರಿನ ಒಳಗಿನಂತೆ ಕಂಡಿತು. ಅಡ್ಡಕ್ಕೆ ಹಾದ ದಪ್ಪ ಕಂಬಿಗಳು, ಅವಕ್ಕೆ ಕಚ್ಚಿಕೊಂಡ ಕೊಕ್ಕೆಗಳು, ಕೊಕ್ಕೆಗಳಿಂದ ಬಲತುದಿಯವರೆಗೆ ಓಡುವ ತೆಳು ಸರಳುಗಳು. ಬಲತುದಿಯಲ್ಲಿ ಒಂದೊಂದು ತಂತಿಯೂ ಒಂದೊಂದು ಲೋಹದ ಬೆರಳನ್ನು ಸುತ್ತಿ ಇಳಿಯುತ್ತದೆ. ಪೆಡಲ್ ಒತ್ತಿದರೆ ಕಂಬಿ ಹೊರಳಿ, ಸರಳು ಎಳೆದು, ಬೆರಳು ತಿರುಗಿ ತಂತಿ ಬಿಗಿಯುತ್ತದೆ. ಎಷ್ಟು ಬಿಗಿಯಬೇಕೆಂಬುದನ್ನು ತುದಿಯ ಪುಟ್ಟ ನೈಲಾನ್ ನಟ್ಟುಗಳಲ್ಲಿ ತಿದ್ದಬಹುದು. ಅಜ್ಜ ಒಂದೊಂದೇ ಕೊಕ್ಕೆಯನ್ನು ಬೆರಳಿನಿಂದ ಅಲುಗಿಸಿ ತೋರಿಸಿದರು. ಸಡಿಲವಿದ್ದ ಒಂದನ್ನು ತಾವಾಗಿಯೇ ಹೇಳಿದರು.

ಆಮೇಲೆ ನಿಲ್ಲಿಸಿ ಟ್ಯೂನರ್ ಜೋಡಿಸಿದರು. ನಾಲ್ಕನೇ ತಂತಿ ಮೀಟಿ, ಅದಕ್ಕೆ ಸಂಬಂಧವೇ ಇಲ್ಲದ ಎ ಮತ್ತು ಬಿ ಪೆಡಲ್ ಎರಡನ್ನೂ ಒತ್ತಿದರು. ಮುಳ್ಳು ಕೂದಲೆಳೆಯಷ್ಟು ಕೆಳಗಿಳಿಯಿತು. ಪೆಡಲ್ ಎಳೆತಕ್ಕೆ ಮರದ ಮೈಯೇ ಬಾಗಿ ಉಳಿದ ತಂತಿಗಳೂ ಚೂರು ಇಳಿಯುತ್ತವೆ. ಎಲ್ಲ ಗಿಟಾರಿನಲ್ಲೂ ಇಷ್ಟೋ ಅಷ್ಟೋ ಇದ್ದದ್ದೇ. ಹೆಚ್ಚು ಇಳಿದರೆ ಮಾತ್ರ ಕೊಳ್ಳಬಾರದು. ಕೊನೆಗೆ ಮೂರನೇ ತಂತಿ ಸರಿಸಿ ಅದರ ಬೆರಳ ನೆತ್ತಿ ತೋರಿಸಿದರು. ಎಳೆನೂಲಿನಷ್ಟು ಸಣ್ಣ ಗೆರೆ ಕೊರೆದಿತ್ತು. "ಇದು ಎಲ್ಲಕ್ಕಿಂತ ತೆಳು ತಂತಿ, ಎಲ್ಲಕ್ಕಿಂತ ಮೇಲಿನ ಸ್ವರ. ಈ ಗೆರೆಗೆ ಸಿಕ್ಕಿ ಪದೇ ಪದೇ ತುಂಡಾಗುತ್ತೆ. ಅದಕ್ಕೇ ನೂರು ಡಾಲರ್ ಕಡಿಮೆ ಹೇಳಿದ್ದೇನೆ."

1,100 ಡಾಲರ್. ನಾನು ಚೌಕಾಸಿ ಮಾಡಲಿಲ್ಲ. ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಪ್ಯಾಂಟಿನ ಮೇಲಿನಿಂದಲೇ ಎಡ ಮೊಣಕಾಲು ಮುಟ್ಟಿಕೊಂಡರು. ಆಪರೇಶನ್ ಆದಮೇಲೆ ಲಿವರ್ ತಳ್ಳಲು ಆಗುತ್ತಿರಲಿಲ್ಲವಂತೆ. ಹೊರಡುವಾಗ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿದ್ದ ಒಂದು ಚೀಟಿ ತೋರಿಸಿದರು. ಯಾವ ಪೆಡಲ್ ಯಾವ ತಂತಿಯನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎಂಬ ಪಟ್ಟಿ, ಪೆನ್ಸಿಲಿನಲ್ಲಿ.

ಆ ಪಟ್ಟಿ ಇಂಗ್ಲಿಷ್ ಸ್ವರಾಕ್ಷರಗಳಲ್ಲಿ ಎಷ್ಟು ಓದಿದರೂ ನನ್ನ ಕಾಲಿಗೆ ಇಳಿಯಲಿಲ್ಲ. ಒಂದು ರಾತ್ರಿ ಪೆನ್ನು ತೆಗೆದು ಅದರ ಪಕ್ಕದಲ್ಲೇ ಕನ್ನಡದಲ್ಲಿ ಬರೆದೆ. ಈ ಶ್ರುತಿಯ ತಳಹದಿ ಸ ಗ ಪ. ಎ ಪೆಡಲ್ ಪ-ವನ್ನು ದ-ಗೆ ಏರಿಸುತ್ತದೆ. ಬಿ ಪೆಡಲ್ ಗ-ವನ್ನು ಮ-ಗೆ. ಎರಡೂ ಒಟ್ಟಿಗೆ ಒತ್ತಿದರೆ ಸ ಕದಲದೆ ನಿಂತು ಸ ಮ ದ. ಬ್ರೋಕನ್ ಸ್ಪೋಕ್‌ನಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದೇ! ಹಾಗೆ ಬರೆದುಕೊಂಡ ಮೇಲೆ ಕಲಿಕೆ ಸಾಗಿತು. ಏಳು ವರ್ಷ, ಮಗಳು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ದಿನಕ್ಕೆ ಅರ್ಧ ಗಂಟೆ. ವೇದಿಕೆ ಹತ್ತುವಷ್ಟು ಬರಲಿಲ್ಲ. ನನಗೆ ಬೇಕಾದ ನಾದ ಬಂತು.

2024ರಲ್ಲಿ ಮೈಸೂರಿಗೆ ಮರಳುವುದು ನಿಶ್ಚಯವಾಯಿತು, ಅಪ್ಪ ಒಬ್ಬರೇ ಇದ್ದರು. ಪೆಟ್ಟಿಗೆ ಸಮೇತ 20 ಕಿಲೊ ಮೀರುವ ಆ ವಾದ್ಯವನ್ನು ಹೇಗಾದರೂ ಸಾಗಿಸಬಹುದಿತ್ತು. ಆದರೆ ಮೈಸೂರಿನಲ್ಲಿ ಅದನ್ನು ನುಡಿಸುವವನು ನಾನೊಬ್ಬನೇ ಆಗುತ್ತಿದ್ದೆ, ಟೆಕ್ಸಸ್‌ನಲ್ಲಿ ಅದಕ್ಕೆ ಕುಣಿತದ ಮನೆಗಳಿದ್ದವು. ಮಾರಲು ಹಾಕಿದಾಗ ಹೊಟ್ಟೆಯ ಫೋಟೊವನ್ನೇ ಮೊದಲು ಹಾಕಿದೆ. ಮೂರನೇ ಬೆರಳಿನ ಗೆರೆಯ ವಿಷಯವನ್ನೂ ಬರೆದೆ. ಎಮರಿ ಕಾಗದದಲ್ಲಿ ಉಜ್ಜಿ ನಯ ಮಾಡಿದ್ದೆ, ಆದರೂ ಪೂರ್ತಿ ಹೋಗಿರಲಿಲ್ಲ. ನಮ್ಮ ಕನ್ನಡ ಸಂಘದ ಗೆಳೆಯ ಬೈದ: "ಅದನ್ಯಾಕೆ ಬರೀತೀಯೋ ಮಾರಾಯ, ಕೇಳಿದ್ರೆ ಹೇಳಿದ್ರಾಯ್ತಪ್ಪ." ಆ ಶೆಡ್ಡಿನಲ್ಲಿ ಟಾರ್ಚ್ ಹಿಡಿದವನಿಗೆ ಅದು ಆಗುವ ಮಾತಲ್ಲ.

ಮೊದಲು ಬಂದವರು ಕೂತು, ಎಡಗಾಲಿಟ್ಟು, ಎರಡೇ ನಿಮಿಷಕ್ಕೆ ಎದ್ದರು. ಪೆಡಲ್‌ಗಳ ಸಾಲು ಅವರಿಗೆ ತಿರುಗುಮುರುಗಾಗಿತ್ತು. ಈ ಲೋಕದಲ್ಲಿ ಇಬ್ಬರು ವಾದಕರ ಹೆಸರಿನ ಎರಡು ಪದ್ಧತಿಗಳಿವೆ. ಬಡ್ಡಿ ಎಮನ್ಸ್ ಹೆಸರಿನದರಲ್ಲಿ ಎಡದಿಂದ ಎ, ಬಿ, ಸಿ. ಜಿಮ್ಮಿ ಡೇ ಹೆಸರಿನದರಲ್ಲಿ ಸಿ, ಬಿ, ಎ. ಹೆಚ್ಚಿನವರು ಕಲಿಯುವುದು ಎಮನ್ಸ್ ಪದ್ಧತಿ. ಅಜ್ಜನದು ಡೇ ಪದ್ಧತಿ, ಆದ್ದರಿಂದ ನನ್ನದೂ ಅದೇ. ಮತ್ತೊಬ್ಬರು ಬಾರದೆಯೇ 800ಕ್ಕೆ ಕೇಳಿದರು, ಕೊಡಲಿಲ್ಲ.

ಮೂರನೇ ವಾರ ಸ್ಯಾನ್ ಮಾರ್ಕೋಸ್‌ನಿಂದ ಒಬ್ಬಳು ಹುಡುಗಿ ಅಪ್ಪನ ಜೊತೆ ಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ. ಅವಳೂ ಕಲಿತದ್ದು ಎಮನ್ಸ್ ಪದ್ಧತಿಯಲ್ಲೇ. ಆದರೆ ಏಳಲಿಲ್ಲ, "ಇದನ್ನು ಬದಲಾಯಿಸೋಕೆ ಆಗಲ್ವಾ?" ಎಂದು ಕೇಳಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಬೆಲೆಯ ಮಾತನ್ನೇ ಎತ್ತದೆ ಗಿಟಾರನ್ನು ಮಗುಚಿದೆ. ಅವಳ ಕೈಗೆ ಟಾರ್ಚ್ ಕೊಟ್ಟೆ. ಬದಲಾಗಬೇಕಾದದ್ದು ನಾಲ್ಕೇ ಸರಳು, ಎ ಪೆಡಲಿನವು 5 ಮತ್ತು 10ನೇ ತಂತಿಗೆ, ಸಿ ಪೆಡಲಿನವು 4 ಮತ್ತು 5ಕ್ಕೆ. ಆದರೂ ಕೊಕ್ಕೆ ಸಡಿಲಿಸಿ, ಸರಿಸಿ, ಮತ್ತೆ ಬಿಗಿದು, ನಟ್ಟು ತಿದ್ದಿ ಶ್ರುತಿಗೆ ತರುವಷ್ಟರಲ್ಲಿ ಎರಡೂವರೆ ಗಂಟೆ ಹಿಡಿಯಿತು. ಅವಳ ಅಪ್ಪ ನಮ್ಮ ಮನೆಯ ಕಾಫಿ ಎರಡು ಲೋಟ ಕುಡಿದರು. ಮೂರನೇ ಬೆರಳಿನ ಗೆರೆಯನ್ನು ಅವಳೇ ಉಗುರಿನಿಂದ ಸವರಿ ನೋಡಿ, "ಹತ್ತು ತಂತಿ ಎಕ್ಸ್‌ಟ್ರಾ ಇಟ್ಟುಕೊಳ್ತೀನಿ" ಎಂದಳು. 1,050ಕ್ಕೆ ಮುಗಿಯಿತು.

ಕಾಲು ಬಿಚ್ಚಿ ಒಳಗಿಡುವ ಮುಂಚೆ ಮುಚ್ಚಳದ ಚೀಟಿ ಕಂಡು ಇದು ಯಾವ ಲಿಪಿ ಎಂದಳು. ಕನ್ನಡ ಎಂದೆ. ಪೆಡಲ್ ಸಾಲು ಬದಲಾಗಿದೆ, ಇದು ಈಗ ತಪ್ಪು, ಕಿತ್ತುಬಿಡುತ್ತೇನೆ ಎಂದು ಕೈ ಹಾಕಿದರೆ ಬಿಡಲಿಲ್ಲ. ಅದರ ಕೆಳಗೆ ಹೊಸ ಚೀಟಿ ಬರೆದು ಅಂಟಿಸಿ, ಅದೇ ಅಕ್ಷರಗಳೂ ಇರಲಿ ಎಂದಳು. ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆದೆ, ಒಂದೊಂದನ್ನೂ ಬಾಯಲ್ಲಿ ಹೇಳುತ್ತಾ. ಅವಳು ಮತ್ತೆ ಸ್ಟೂಲಿನ ಮೇಲೆ ಕೂತು ಮೂರನೇ ತಂತಿ ಮೀಟಿದಳು, ಬಿ ಪೆಡಲನ್ನು ನಿಧಾನಕ್ಕೆ ಒತ್ತುತ್ತಾ ಜೊತೆಗೇ ದನಿ ಸೇರಿಸಿದಳು: "ಗ... ಮ."