ಮೂರೆಲೆ ಬಲ್ಲವರು ಪೋಕರ್ ಮೇಜಿಗೆ ಕೂರುವ ಮುನ್ನ

ದೀಪಾವಳಿಗೋ ಮದುವೆ ಮನೆಯ ಹಿಂದಿನ ರಾತ್ರಿಗೋ ಇಸ್ಪೀಟು ಕಟ್ಟು ಬಿಚ್ಚಿ ಮೂರೆಲೆಗೆ ಕೂರುವವರು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಊರೂರಿಗೂ ಇದ್ದಾರೆ. ಅಡಿಕೆ ಕೊಯ್ಲು ಮುಗಿದು ಮಂಡಿಯ ಲೆಕ್ಕವೂ ಚುಕ್ತಾ ಆದಮೇಲೆ ಅವರಲ್ಲೇ ನಾಲ್ಕು ಜನ ಸೇರಿ, ಜೋಗ ದಾಟಿ, ಗೇರುಸೊಪ್ಪೆ ಘಾಟಿ ಇಳಿದು, ಹೊನ್ನಾವರ, ಕಾರವಾರದ ಮೇಲೆ ಗೋವಾಕ್ಕೆ ಹೋಗುವುದೂ ಹೊಸತಲ್ಲ. ಕ್ಯಾಸಿನೊ ಹತ್ತಿದವರು ರೂಲೆಟ್, ಅಂದರ್ ಬಾಹರ್ ಮೇಜಿನ ಸುತ್ತ ಸುತ್ತಿ, ಪೋಕರ್ ಕೋಣೆಗೆ ಇಣುಕಿ ವಾಪಸ್ ಬರುತ್ತಾರೆ. ಎಲೆ ಓದಲು ಬಲ್ಲವರು ಅಲ್ಲಿ ಕೂರಬಹುದಾದ ಜಾಗ ಪೋಕರ್ ಮೇಜೊಂದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಸೊನ್ನೆಯೂ ಸೇರಿ 37 ಮನೆಗಳಿರುವ ರೂಲೆಟ್‌ನಲ್ಲಿ ಒಂದು ನಂಬರು ಗೆದ್ದರೆ ಕೊಡುವುದು 35 ಪಟ್ಟು. ಆ ವ್ಯತ್ಯಾಸ ಯಾರ ಬುದ್ಧಿವಂತಿಕೆಗೂ ಬಗ್ಗುವುದಿಲ್ಲ. ಪೋಕರ್‌ನಲ್ಲಿ ಎದುರಾಳಿಗಳು ನಿಮ್ಮ ಹಾಗೇ ದುಡ್ಡು ಕೊಟ್ಟು ಕೂತವರು. ಕ್ಯಾಸಿನೊ ಮೇಜು, ಎಲೆ, ಡೀಲರ್ ಒದಗಿಸಿ ಕಮಿಷನ್ ತೆಗೆದುಕೊಳ್ಳುತ್ತದೆ, ಅಷ್ಟೆ.

ಆದರೆ ಮೂರೆಲೆಯ ಅಭ್ಯಾಸಗಳನ್ನು ಹಾಗೇ ಹೊತ್ತುಕೊಂಡು ಹೋದರೆ ಎರಡು ಗಂಟೆಯಲ್ಲಿ ಚಿಪ್ಸ್ (ದುಡ್ಡಿನ ಬದಲು ಇಡುವ ಬಿಲ್ಲೆ) ಖಾಲಿ. ಅಲ್ಲಿ ಸೋಲುವುದು ಧೈರ್ಯ ಸಾಲದೆ ಅಲ್ಲ. ಬಿಡಬೇಕಾದ ಎಲೆ ಬಿಡದೆ.

ಮೊದಲು ಆಟದ ಹಂದರ. ಕ್ಯಾಸಿನೊಗಳಲ್ಲಿ ಸಾಮಾನ್ಯವಾಗಿ ಆಡಿಸುವುದು ಟೆಕ್ಸಾಸ್ ಹೋಲ್ಡೆಮ್. ಜೋಕರ್ ಇಲ್ಲದ 52 ಎಲೆ. ಪ್ರತಿಯೊಬ್ಬರಿಗೆ ಮುಚ್ಚಿದ ಎರಡು ಎಲೆ, ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ. ಆ ಐದರಲ್ಲಿ ಮೊದಲು ಮೂರು ಒಟ್ಟಿಗೆ ಬೀಳುತ್ತವೆ, ಅದು ಫ್ಲಾಪ್. ಆಮೇಲೆ ಒಂದು, ಟರ್ನ್. ಕೊನೆಗೊಂದು, ರಿವರ್. ಎಲೆ ಹಂಚಿದ ಮೇಲೆ ಒಂದು ಸಲ, ಈ ಮೂರು ಹಂತಗಳಲ್ಲಿ ಒಂದೊಂದು ಸಲ, ಹೀಗೆ ನಾಲ್ಕು ಸುತ್ತು ದುಡ್ಡು ಕಟ್ಟುವುದಿರುತ್ತದೆ. ಏಳು ಎಲೆಗಳಲ್ಲಿ ಒಳ್ಳೆಯ ಐದು ನಿಮ್ಮ ಕೈ. ಬ್ಲೈಂಡ್ ಅಂದರೆ ಇಲ್ಲಿ ಎಲೆ ನೋಡದೆ ಆಡುವುದಲ್ಲ. ಬಟನ್ (ಹಂಚುವವರ ಸ್ಥಾನ ತೋರಿಸುವ ಬಿಲ್ಲೆ) ಇರುವವರ ಎಡಗಡೆಯ ಇಬ್ಬರು ಕಡ್ಡಾಯವಾಗಿ ಇಡುವ ದುಡ್ಡು, ಮೂರೆಲೆಯಲ್ಲಿ ಎಲ್ಲರೂ ಮೊದಲೇ ಇಡುವ ಬೂಟಿನ ಜಾಗದಲ್ಲಿ. 50-100ರ ಮೇಜೆಂದರೆ ಒಬ್ಬರು 50, ಪಕ್ಕದವರು 100 ಇಡುತ್ತಾರೆ. ಬಟನ್ ಪ್ರತಿ ಆಟಕ್ಕೆ ಒಬ್ಬೊಬ್ಬರಂತೆ ಎಡಕ್ಕೆ ಸರಿಯುತ್ತದೆ.

ಎಲೆಗಳ ದೊಡ್ಡಸ್ತಿಕೆಯಲ್ಲೇ ಮೂರೆಲೆಯವರು ಮೊದಲು ಎಡವುವುದು. ಮೂರೆಲೆಯಲ್ಲಿ ಟ್ರಯಲ್ (ಒಂದೇ ನಂಬರಿನ ಮೂರು) ಎಲ್ಲಕ್ಕಿಂತ ಮೇಲೆ, ಸೀಕ್ವೆನ್ಸ್ (ಸಾಲಾಗಿ ಬರುವ ನಂಬರು) ಕಲರ್‌ಗಿಂತ (ಎಲ್ಲವೂ ಕಳಾವರ್ ಅಥವಾ ಎಲ್ಲವೂ ಆಟೀನ್, ಹೀಗೆ ಒಂದೇ ಬಣ್ಣ) ಮೇಲೆ. ಪೋಕರ್‌ನಲ್ಲಿ ಎರಡೂ ತಿರುಗುಮುರುಗು: ಕಲರ್ ಸೀಕ್ವೆನ್ಸನ್ನು ಹೊಡೆಯುತ್ತದೆ, ಒಂದೇ ನಂಬರಿನ ಮೂರು ಎಲೆ ಇವೆರಡಕ್ಕಿಂತಲೂ ಕೆಳಗೆ. ಇದು ಯಾರೋ ಮನಸ್ಸಿಗೆ ಬಂದಂತೆ ಬದಲಿಸಿದ್ದಲ್ಲ. ಮೂರು ಎಲೆಗಳ ಜೋಡಣೆ ಒಟ್ಟು 22,100. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಐದು ಎಲೆಗೆ ಬಂದರೆ ಜೋಡಣೆ 25,98,960. ಅದರಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಅಪರೂಪವಾದದ್ದಕ್ಕೆ ಬೆಲೆ ಹೆಚ್ಚು. ಟ್ರಯಲ್ ಮೂರೆಲೆಯಲ್ಲಿ 425ಕ್ಕೆ ಒಂದು ಸಲ ಬೀಳುವಂಥದ್ದು, ಐದೆಲೆಯಲ್ಲಿ 47ಕ್ಕೆ ಒಂದು. ಮೇಲಿಂದ ಕೆಳಗೆ ಬಾಯಿಪಾಠ ಮಾಡಿಕೊಳ್ಳಿ: ಪ್ಯೂರ್ ಸೀಕ್ವೆನ್ಸ್ (ಒಂದೇ ಬಣ್ಣದ ಸೀಕ್ವೆನ್ಸ್), ಒಂದೇ ನಂಬರಿನ ನಾಲ್ಕು, ಫುಲ್ ಹೌಸ್ (ಮೂರು ಮತ್ತು ಜೋಡಿ), ಕಲರ್, ಸೀಕ್ವೆನ್ಸ್, ಒಂದೇ ನಂಬರಿನ ಮೂರು, ಎರಡು ಜೋಡಿ, ಒಂದು ಜೋಡಿ, ಬಿಡಿ ಎಲೆ. ಇನ್ನೂ ಒಂದು: ಮೂರೆಲೆಯಲ್ಲಿ ಎಕ್ಕ-ಎರಡು-ಮೂರಕ್ಕೆ ದೊಡ್ಡ ಮರ್ಯಾದೆ ಉಂಟು, ಪೋಕರ್‌ನಲ್ಲಿ ಎಕ್ಕದಿಂದ ಐದರವರೆಗಿನದು ಎಲ್ಲಕ್ಕಿಂತ ಸಣ್ಣ ಸೀಕ್ವೆನ್ಸ್. 28 ಎಂಬ ಇಸ್ಪೀಟಾಟ ಆಡಿ ಗುಲಾಮನಿಗೂ ಒಂಬತ್ತಕ್ಕೂ ತಲೆಬಾಗುವವರು ಅದನ್ನೂ ಮನೆಯಲ್ಲೇ ಬಿಟ್ಟು ಬರಬೇಕು, ಇಲ್ಲಿ ಎಕ್ಕವೇ ದೊಡ್ಡದು.

ಕಲಿಯಲು ಮನೆಯೇ ಸಾಕು. ಒಂದು ಕಟ್ಟು, ಚಿಪ್ಸ್ ಬದಲು ಹುಣಸೆ ಬೀಜ, ಐದಾರು ಜನ. ಫೋನಿನಲ್ಲಿ ದುಡ್ಡು ಕಟ್ಟಿ ಅಭ್ಯಾಸ ಮಾಡುವ ದಾರಿ ಈಗಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ದುಡ್ಡಿಲ್ಲದ ಆಪ್‌ಗಳಲ್ಲಿ ಕ್ರಮ ತಿಳಿಯುತ್ತದೆ, ಆದರೆ ಅಲ್ಲಿ ಯಾರೂ ಎಲೆ ಬಿಡುವುದಿಲ್ಲವಾದ್ದರಿಂದ ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಗೋವಾದಲ್ಲಿ ಕ್ಯಾಸಿನೊಗಳು 1976ರ ಜೂಜು ಕಾಯ್ದೆಗೆ ಆಮೇಲೆ ಮಾಡಿದ ತಿದ್ದುಪಡಿಗಳಡಿ ನಡೆಯುತ್ತವೆ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಹಡಗುಗಳಿಗೆ ಜೆಟ್ಟಿಯಿಂದ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. 21 ವರ್ಷ ತುಂಬಿರಬೇಕು, ಗುರುತಿನ ಚೀಟಿಯ ಅಸಲು ಕೈಯಲ್ಲಿರಲಿ. ಗಂಡಸರು ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಹೋದರೆ ಬಾಗಿಲಲ್ಲೇ ತಕರಾರು. ಪ್ರವೇಶದ ಟಿಕೆಟ್ ಜೊತೆ ಕೊಡುವ ಉಚಿತ ಚಿಪ್ಸ್ ಕ್ಯಾಸಿನೊ ವಿರುದ್ಧ ಆಡುವ ಮೇಜುಗಳಿಗೆಂದು ಇರುವಂಥವು. ಪೋಕರ್‌ಗೆ ದುಡ್ಡು ಕೊಟ್ಟ ಚಿಪ್ಸೇ ಬೇಕು. ಪೋಕರ್ ಕೋಣೆಯ ಮೇಲ್ವಿಚಾರಕರ ಹತ್ತಿರ ನಾಲ್ಕು ವಿಷಯ ಕೇಳಿ: ಅತಿ ಸಣ್ಣ ಬ್ಲೈಂಡ್‌ನ ಮೇಜು ಯಾವುದು, ಕೂರಲು ಕನಿಷ್ಠ ಎಷ್ಟು ಗರಿಷ್ಠ ಎಷ್ಟು, ಕಮಿಷನ್ ಶೇಕಡ ಎಷ್ಟು ಮತ್ತು ಎಷ್ಟಕ್ಕೆ ನಿಲ್ಲುತ್ತದೆ, ಚಿಪ್ಸ್ ಕೊಳ್ಳುವಾಗ ತೆರಿಗೆ ಹೇಗೆ ಹಿಡಿಯುತ್ತಾರೆ. ಜಾಗ ಇಲ್ಲದಿದ್ದರೆ ಹೆಸರು ಬರೆಸಿ ಕಾಯಬೇಕು. ಆ ಹೊತ್ತನ್ನು ಮೇಜಿನ ಹಿಂದೆ ನಿಂತು ನೋಡಲು ಬಳಸಿ. ಪಕ್ಕದ ರೂಲೆಟ್‌ಗೆ ಹೋಗಬೇಡಿ.

ಎಷ್ಟು ದುಡ್ಡು ಇಟ್ಟುಕೊಂಡು ಕೂರಬೇಕು? 50-100ರ ಮೇಜಿನಲ್ಲಿ ಮೊದಲ ಸಲಕ್ಕೆ 5,000, ಅಂದರೆ 50 ದೊಡ್ಡ ಬ್ಲೈಂಡ್, ಸಾಕು. ಮೇಜಿನ ಕನಿಷ್ಠ ಅದಕ್ಕಿಂತ ಹೆಚ್ಚಿದ್ದರೆ ಆ ಕನಿಷ್ಠ. ಅಷ್ಟೇ ಮೊತ್ತ ಜೇಬಿನಲ್ಲಿ ಇನ್ನೊಂದು ಸಲಕ್ಕೆ. ಅದೂ ಹೋದರೆ ಎದ್ದುಬಿಡುವುದು. ಎಟಿಎಂ ಕಾರ್ಡು ಲಾಡ್ಜಿನಲ್ಲಿರಲಿ. ಒಂದು ಒಳ್ಳೆಯ ಕಟ್ಟಳೆ ಇದೆ: ಆಟ ಶುರುವಾದಾಗ ಮೇಜಿನ ಮೇಲೆ ಎಷ್ಟಿತ್ತೋ ಅಷ್ಟೇ ಆ ಆಟಕ್ಕೆ. ನಡುವೆ ಜೇಬಿನಿಂದ ತೆಗೆದು ಸುರಿಯುವಂತಿಲ್ಲ, ಸಾಲ ಹೇಳುವಂತಿಲ್ಲ. ಎದುರಿನವರ ಹತ್ತಿರ ಲಕ್ಷವಿದ್ದರೂ ನಿಮ್ಮಿಂದ ಹೋಗುವುದು ನಿಮ್ಮ ಮುಂದಿನ ರಾಶಿಯಷ್ಟೇ. ಮೂರೆಲೆಯಲ್ಲಿ ಉಳ್ಳವರು ದುಡ್ಡಿನ ಬಲದಿಂದ ಪ್ಯಾಕ್ ಮಾಡಿಸುವ (ಎಲೆ ಬಿಡಿಸುವ) ಆಟ ಇಲ್ಲಿ ನಡೆಯುವುದಿಲ್ಲ.

ಸುಮ್ಮನೆ ಕೂತರೂ ಖರ್ಚಿದೆ. ಕ್ಯಾಸಿನೊ ಮೇಜಿನಲ್ಲಿ ಗಂಟೆಗೆ ಸುಮಾರು 25ರಿಂದ 30 ಆಟ ನಡೆಯುತ್ತವೆ. ಒಂಬತ್ತು ಜನರ ಮೇಜಾದರೆ ಮೂರು ಸುತ್ತು; ಸುತ್ತಿಗೆ ಬ್ಲೈಂಡ್ 150ರಂತೆ ಗಂಟೆಗೆ 450 ರೂಪಾಯಿ. ಇದಲ್ಲದೆ ಗೆದ್ದ ಪ್ರತಿ ಆಟದಿಂದ ಕಮಿಷನ್. ಶೇ. 5 ಎಂದಿಟ್ಟುಕೊಂಡರೆ 3,000ದ ಪಾಟ್‌ನಿಂದ (ಆ ಆಟದಲ್ಲಿ ಎಲ್ಲರೂ ಕಟ್ಟಿ ಕೂಡಿದ ದುಡ್ಡು) 150 ಹೋಯಿತು. ಸಣ್ಣ ಮೇಜುಗಳಲ್ಲಿ ಈ ಕಮಿಷನ್ ದುಡ್ಡೇ ಹೆಚ್ಚು ಕಾಡುತ್ತದೆ. ಆದ್ದರಿಂದ ಸಣ್ಣ ಸಣ್ಣ ಪಾಟ್‌ಗಳಿಗೆ ಮೈಮೇಲೆ ಬಿದ್ದು ಹೋಗುವುದರಲ್ಲಿ ಲಾಭವಿಲ್ಲ. ಫ್ಲಾಪ್ ಬೀಳುವ ಮೊದಲೇ ಆಟ ಮುಗಿದರೆ ಬಹಳ ಕಡೆ ಕಮಿಷನ್ ಹಿಡಿಯುವುದಿಲ್ಲ, ಅದನ್ನೂ ಕೇಳಿಕೊಳ್ಳಿ.

ಈಗ ಎಲೆ ಬಿಡುವ ವಿಷಯ. ಹತ್ತು ಆಟದಲ್ಲಿ ಎಂಟು ಸಲ ಎಲೆ ನೋಡಿದ ಕೂಡಲೇ ಬಿಡಬೇಕು. ಎಕ್ಕದ ಜೋಡಿ ಬೀಳುವುದು 221 ಸಲಕ್ಕೆ ಒಮ್ಮೆ, ಯಾವುದೇ ಜೋಡಿ 17 ಸಲಕ್ಕೆ ಒಮ್ಮೆ. ಎಕ್ಕ-ರಾಜ ಬಂದರೂ ಫ್ಲಾಪ್‌ನಲ್ಲಿ ಅವಕ್ಕೆ ಜೊತೆ ಸಿಗುವುದು ಹೆಚ್ಚುಕಡಿಮೆ ಮೂರಕ್ಕೆ ಒಂದು ಸಲ. ಸಣ್ಣ ಜೋಡಿ ಹಿಡಿದವರಿಗೆ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಎಂಟೂವರೆಗೆ ಒಂದು. ಎರಡೂ ಒಂದೇ ಬಣ್ಣದವು ಎಂಬ ಒಂದೇ ಕಾರಣಕ್ಕೆ ರಾಜ-ನಾಲ್ಕು ಹಿಡಿದು ಹೊರಡುವವರನ್ನು ಪ್ರತಿ ಮೇಜಿನಲ್ಲೂ ನೋಡಬಹುದು. ಬಣ್ಣ ಕೂಡಿದ್ದರಿಂದ ಆ ಎಲೆಗೆ ಸಿಗುವ ಹೆಚ್ಚುವರಿ ಬಲ ಶೇಕಡ ಎರಡು ಮೂರು ಅಷ್ಟೇ.

ಎಲ್ಲಿ ಕೂತಿದ್ದೀರಿ ಎಂಬುದೂ ಎಲೆಯಷ್ಟೇ ದೊಡ್ಡದು. ಬಟನ್‌ನಲ್ಲಿರುವವರು ಫ್ಲಾಪ್ ನಂತರ ಎಲ್ಲರ ಕೊನೆಗೆ ಆಡುತ್ತಾರೆ. ಉಳಿದವರು ಏನು ಮಾಡಿದರೆಂದು ನೋಡಿಯೇ ತೀರ್ಮಾನಿಸಬಹುದು. ಬ್ಲೈಂಡ್‌ಗಳ ಎಡಪಕ್ಕದಲ್ಲಿ ಕೂತವರು ಎಂಟು ಜನರೆದುರು ಕಣ್ಣು ಕಟ್ಟಿಕೊಂಡು ಹೊರಡುತ್ತಾರೆ. ಅಲ್ಲಿಂದ ದೊಡ್ಡ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿ ಬಿಟ್ಟು ಬೇರೆ ಆಡಬೇಡಿ. ರಾಜ-ಗುಲಾಮ ಕೂಡ ಅಲ್ಲಿಂದ ಬಿಡುವ ಎಲೆಯೇ. ಬಟನ್‌ನಲ್ಲಿದ್ದು ನಿಮಗಿಂತ ಮೊದಲಿನವರೆಲ್ಲ ಬಿಟ್ಟಿದ್ದರೆ ಅದೇ ರಾಜ-ಗುಲಾಮಕ್ಕೆ ರೈಸ್ ಮಾಡಬಹುದು, ಅಂದರೆ ದುಡ್ಡು ಏರಿಸಬಹುದು.

ಕಾಲ್ ಮಾಡಬೇಕೋ (ಎದುರಿನವರು ಕಟ್ಟಿದಷ್ಟು ಕೊಡಬೇಕೋ) ಬೇಡವೋ ಎಂಬುದನ್ನು ಒಂದು ಆಟದಲ್ಲಿ ಬಿಡಿಸಿ ನೋಡೋಣ. ನೀವು ಬಟನ್, ಕೈಯಲ್ಲಿ ಕಳಾವರ್ ರಾಣಿ-ಗುಲಾಮ. ಒಬ್ಬರು 400ಕ್ಕೆ ಏರಿಸಿದರು, ಒಬ್ಬರು ಕೊಟ್ಟರು, ನೀವೂ ಕೊಟ್ಟಿರಿ, ಬ್ಲೈಂಡ್‌ನವರಿಬ್ಬರೂ ಬಿಟ್ಟರು. ಪಾಟ್ 1,350. ಫ್ಲಾಪ್: ಆಟೀನ್ ರಾಜ, ಕಳಾವರ್ ಏಳು, ಕಳಾವರ್ ಮೂರು. ಕಲರ್‌ಗೆ ಒಂದು ಎಲೆ ಬೇಕು, ಕಟ್ಟಿನಲ್ಲಿ ಒಂಬತ್ತು ಕಳಾವರ್ ಉಳಿದಿವೆ, ನೀವು ಕಾಣದ ಎಲೆ 47. ಮುಂದಿನ ಎಲೆಗೇ ಕಲರ್ ಆಗುವ ಸಾಧ್ಯತೆ ಶೇ. 19. ಏರಿಸಿದವರು ಈಗ 900 ಕಟ್ಟಿದರು, ಮಧ್ಯದವರು ಬಿಟ್ಟರು. ಪಾಟ್ 2,250 ಆಯಿತು. ನೀವು 900 ಕೊಟ್ಟರೆ 3,150. 900ನ್ನು 3,150ರಿಂದ ಭಾಗಿಸಿದರೆ ಶೇ. 28ಕ್ಕೂ ಮೇಲೆ. ಕೊಡುವುದು 28ರ ದರ, ಸಿಗುವುದು 19ರ ಸರಕು. ಎಲೆ ಬಿದ್ದಮೇಲೆ ಅವರಿಂದ ಸರಾಸರಿ ಇನ್ನೂ 1,550 ವಸೂಲಾಗುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಬಿಡಿ. ಅವರು ಕಟ್ಟಿದ್ದು 450 ಆಗಿದ್ದರೆ? ಪಾಟ್ 1,800, ನಿಮ್ಮ 450 ಸೇರಿ 2,250, ಶೇ. 20. ಆಮೇಲೆ ಇನ್ನೊಂದು 100 ಸಿಕ್ಕರೂ ಲೆಕ್ಕ ಸರಿಹೋಗುವುದರಿಂದ ಕೊಡಬಹುದು. ಮೂರನೆಯ ಸಂದರ್ಭ: ಅವರ ಹತ್ತಿರ ಉಳಿದಿದ್ದೇ 900, ಎಲ್ಲವನ್ನೂ ಇಟ್ಟರು. ಈಗ ಮುಂದೆ ದುಡ್ಡು ಕೊಡುವ ಪ್ರಶ್ನೆಯೇ ಇಲ್ಲದೆ ಟರ್ನ್, ರಿವರ್ ಎರಡನ್ನೂ ನೋಡುತ್ತೀರಿ, ಸಾಧ್ಯತೆ ಶೇ. 35. ಅದೇ 900ಕ್ಕೆ ಈಗ ಕಾಲ್ ಮಾಡುವುದೇ ಸರಿ. ಮೇಜಿನಲ್ಲಿ ಭಾಗಾಕಾರಕ್ಕೆ ಪುರುಸೊತ್ತಿಲ್ಲದಿದ್ದರೆ, ಬೇಕಾದ ಎಲೆಗಳ ಸಂಖ್ಯೆಯನ್ನು ಒಂದು ಎಲೆ ಬಾಕಿ ಇದ್ದರೆ ಎರಡರಿಂದ, ಎರಡು ಎಲೆ ನೋಡುವುದಿದ್ದರೆ ನಾಲ್ಕರಿಂದ ಗುಣಿಸಿ. ಶೇಕಡಾವಾರು ಹತ್ತಿರಹತ್ತಿರ ಸಿಗುತ್ತದೆ.

ಸಣ್ಣ ಮೇಜುಗಳಲ್ಲಿ ಬ್ಲಫ್ ಬೇಡ. ಅಲ್ಲಿ ಕೂತವರು ನೋಡಲೆಂದೇ ಬಂದವರು, ಮೂರರ ಜೋಡಿ ಹಿಡಿದೂ ಕೊನೆಯವರೆಗೆ ಕಾಲ್ ಮಾಡುತ್ತಾರೆ. ಒಳ್ಳೆಯ ಎಲೆ ಇದ್ದಾಗ ಪಾಟ್‌ನ ಅರ್ಧಕ್ಕೂ ಮಿಕ್ಕಿ ಕಟ್ಟಿ, ಕೊಡುವವರು ಕೊಡಲಿ. ಬಾಯಿ ತೆರೆಯದ ಆಸಾಮಿ ರಿವರ್‌ನಲ್ಲಿ ಇದ್ದಕ್ಕಿದ್ದಂತೆ ದೊಡ್ಡದಾಗಿ ಏರಿಸಿದರೆ ನಿಮ್ಮ ಒಂದು ಜೋಡಿ ಕೆಳಗಿಡಿ.

ಮೇಜಿನ ರೀತಿನೀತಿ ತಿಳಿಯದೆ ಕಳೆದುಕೊಳ್ಳುವ ದುಡ್ಡು ಬೇರೆ. 100ರ ಬ್ಲೈಂಡ್ ಇರುವಾಗ ಮಾತಾಡದೆ 500ರ ಒಂದೇ ಚಿಪ್ ಮುಂದಿಟ್ಟರೆ ಅದು ಬರೀ ಕಾಲ್. 400 ವಾಪಸ್ ಬರುತ್ತದೆ. ಏರಿಸಬೇಕಿದ್ದರೆ ಮೊದಲು ಬಾಯಲ್ಲಿ "ರೈಸ್, ಐನೂರು" ಅನ್ನಿ, ಆಮೇಲೆ ಚಿಪ್ಸ್ ಇಡಿ. ಒಂದು ಸಲ ಸ್ವಲ್ಪ ಇಟ್ಟು, ಮತ್ತೆ ರಾಶಿಗೆ ಕೈ ಹಾಕಿ ಸೇರಿಸಿದರೆ ಎರಡನೆಯದನ್ನು ಒಪ್ಪುವುದಿಲ್ಲ. ಒಬ್ಬರು 100ನ್ನು 400ಕ್ಕೆ ಏರಿಸಿದ್ದರೆ ಏರಿಕೆ 300. ಮುಂದಿನವರು ಏರಿಸುವುದಾದರೆ ಕನಿಷ್ಠ 700. ಸರದಿ ಬರುವ ಮೊದಲೇ ಎಲೆ ಎಸೆಯಬೇಡಿ. ಎಲೆಯನ್ನು ಎದೆಗೆ ಎತ್ತಿಕೊಳ್ಳದೆ ಮೇಜಿನ ಮೇಲೇ ಮೂಲೆ ಮಡಿಸಿ ನೋಡಿ, ಮೇಲೊಂದು ಚಿಪ್ ಇಡಿ. ಬಿಟ್ಟವರ ಎಲೆಯೆಂದುಕೊಂಡು ಡೀಲರ್ ಎಳೆದುಕೊಂಡರೆ ಅದು ವಾಪಸ್ ಸಿಗುವುದಿಲ್ಲ. ಗೆದ್ದಾಗಲೂ ಹಾಗೇ: ಚಿಪ್ಸ್ ನಿಮ್ಮ ಕಡೆ ಬರುವವರೆಗೆ ಎಲೆ ಕೈ ಬಿಡಬೇಡಿ. ಪಕ್ಕದವರ ಎಲೆಯ ಜೊತೆ ಗುಟ್ಟಾಗಿ ಹೋಲಿಸುವ ಸೈಡ್ ಶೋ ಇಲ್ಲ. ದುಡ್ಡು ಕೊಟ್ಟು ಶೋ ಕೇಳುವುದೂ ಇಲ್ಲ.

ಊರಿನ ಇಬ್ಬರು ಒಂದೇ ಮೇಜಿನಲ್ಲಿದ್ದರೆ ಆಟ ನಡೆಯುವಾಗ ಕನ್ನಡದಲ್ಲಿ ಮಾತಾಡಿಕೊಳ್ಳಬೇಡಿ. "ಹೆಂಗೈತೋ ಮಾರಾಯ" ಅಂದರೂ ಉಳಿದವರ ಕಿವಿಗೆ ಅದು ಒಳಸಂಚೇ. ಡೀಲರ್ ಎಚ್ಚರಿಸುತ್ತಾರೆ, ಮುಂದುವರಿದರೆ ಎಬ್ಬಿಸುತ್ತಾರೆ. ಬೇರೆ ಬೇರೆ ಮೇಜು ಕೇಳಿಕೊಳ್ಳುವುದು ಉತ್ತಮ. ಇನ್ನು ಕುಡಿತ: ಹೆಚ್ಚಿನ ಟಿಕೆಟ್‌ಗಳಲ್ಲಿ ಅದೂ ಸೇರಿರುತ್ತದೆ. ಗಂಟೆಗೆ ಐದಾರು ಆಟ ಆಡಿ ಉಳಿದ ಇಪ್ಪತ್ತನ್ನು ಬಿಟ್ಟು ಕೂರುವುದಕ್ಕೆ ಬೇಕಾದ ತಾಳ್ಮೆ ಎರಡನೆಯ ಗ್ಲಾಸಿಗೇ ಕರಗುತ್ತದೆ. ನೀರು, ಕಾಫಿ ಸಾಕು.

ಎಷ್ಟು ಹೊತ್ತಿಗೆ ಏಳಬೇಕೆಂದು ಕೂರುವ ಮೊದಲೇ ಗೊತ್ತು ಮಾಡಿಕೊಳ್ಳಿ. ಮೂರು ಗಂಟೆ ಧಾರಾಳ. ನಿಮ್ಮ ಬ್ಲೈಂಡ್ ಸರದಿ ಬರುವ ಸ್ವಲ್ಪ ಮೊದಲು ಎದ್ದರೆ ಅಷ್ಟು ಉಳಿಯಿತು. ಚಿಪ್ಸನ್ನು ಕ್ಯಾಷಿಯರ್‌ಗೆ ಕೊಟ್ಟು ನಗದು ಎಣಿಸಿ, ಚೀಟಿ ಕೊಟ್ಟರೆ ಇಟ್ಟುಕೊಳ್ಳಿ. ಜೂಜಿನ ಗೆಲುವಿಗೆ ಶೇ. 30ರ ತೆರಿಗೆ, ಮೇಲೆ ಸೆಸ್. ಸೋತದ್ದನ್ನು ಬೇರೆ ಆದಾಯದಲ್ಲಿ ಕಳೆಯಲು ಬರುವುದಿಲ್ಲ. ಆದ್ದರಿಂದ ದಿನಾಂಕ, ಕೂತ ಮೊತ್ತ, ಎದ್ದ ಮೊತ್ತ, ಆಡಿದ ಗಂಟೆ ಇಷ್ಟನ್ನು ಆ ರಾತ್ರಿಯೇ ಬರೆದಿಡಿ. ಲಾಡ್ಜನ್ನು ಪಣಜಿಯಲ್ಲೇ ಹಿಡಿದಿರಿ. ರಾತ್ರಿ ಎರಡು ಗಂಟೆಗೆ ಮಾಂಡೋವಿಯಿಂದ ಇಳಿದು ನಿದ್ದೆಗಣ್ಣಲ್ಲಿ ಗೇರುಸೊಪ್ಪೆ ಘಾಟಿ ಹತ್ತುವುದು ಬೇಡ, ಅದೂ ಮಳೆಗಾಲದಲ್ಲಂತೂ ಬೇಡವೇ ಬೇಡ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಬೆಳಕಿರುವಾಗಲೇ ಸಾಗರ ಮುಟ್ಟಬಹುದು.