ಬಾಹ್ಯಾಕಾಶದಲ್ಲಿ ಒಬ್ಬರ ಊಟಕ್ಕೆ ಎಷ್ಟು ಕರೆಂಟು?

2024ರ ಡಿಸೆಂಬರ್ ಕೊನೆಗೆ ಇಸ್ರೋ ಹಾರಿಸಿದ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತದ ಭಾಗದೊಳಗೆ ಅಲಸಂದೆ ಕಾಳು ಮೊಳೆತು ಎಲೆ ಬಿಟ್ಟಾಗ ನನಗೂ ಖುಷಿಯಾಗಿತ್ತು. 'ಇನ್ನೇನು, ಚಂದ್ರನ ಮೇಲೆ ಹೊಲ ಉಳೋದೊಂದೇ ಬಾಕಿ' ಅಂತ ಗೆಳೆಯನೊಬ್ಬ ಮೆಸೇಜು ಹಾಕಿದ್ದ. ಆದರೆ ಕಾಳು ಮೊಳೆಯೋದಕ್ಕೆ ಬೆಳಕೇ ಬೇಕಿಲ್ಲ. ಭೂಮಿಯ ಬಿಸಿಲಲ್ಲಿ ಕೂಡಿಟ್ಟ ಗಂಟು ಅದರೊಳಗೇ ಇರುತ್ತೆ. ಆ ಗಂಟು ಕರಗಿದ ಮೇಲೆ ಗಿಡಕ್ಕೆ ದೀಪದ ಬೆಳಕು ಬೇಕು; ಆಗ ಶುರುವಾಗುತ್ತೆ ನೋಡಿ ಕರೆಂಟಿನ ಲೆಕ್ಕ.

ನನ್ನ ಹೊಟ್ಟೆಪಾಡು ಎಲ್‌ಇಡಿ ದೀಪಕ್ಕೆ ಕರೆಂಟು ಹದಮಾಡಿ ಕೊಡೋ ಡ್ರೈವರ್ ಬೋರ್ಡುಗಳದ್ದು, ಹಾಗಾಗಿ ಗಿಡ ಕಂಡರೂ ನನಗೆ ಮೊದಲು ಹೊಳೆಯೋದು ವ್ಯಾಟು. ಒಬ್ಬ ಮನುಷ್ಯನಿಗೆ ದಿನಕ್ಕೆ 2500 ಕಿಲೋಕ್ಯಾಲೊರಿ ಅಂತ ಇಟ್ಟುಕೊಳ್ಳಿ. ಇಪ್ಪತ್ನಾಲ್ಕು ಗಂಟೆಗೆ ಹಂಚಿದರೆ ಸುಮಾರು 120 ವ್ಯಾಟ್, ಅಷ್ಟೇ. ಈಗ ಹಿಂದಕ್ಕೆ ಹೋಗೋಣ. ಬಿದ್ದ ಬೆಳಕಿನಲ್ಲಿ ಶೇ. 5ರಷ್ಟನ್ನು ಗಿಡ ಮೈಗೂಡಿಸಿಕೊಂಡರೆ ಅದು ಭಾರಿ ಜಾಣ ಗಿಡ. ಅದರಲ್ಲಿ ಅರ್ಧ ಬೇರು, ಕಾಂಡ, ಹುಲ್ಲಿಗೆ ಹೋಯಿತು. ಒಳ್ಳೆಯ ಎಲ್‌ಇಡಿ ಕೂಡ ಕರೆಂಟಿನ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ಬೆಳಕು ಮಾಡುತ್ತೆ. ಎಲ್ಲ ಸೇರಿಸಿದರೆ ತಲೆಗೆ ಒಂಬತ್ತು ಕಿಲೋವ್ಯಾಟ್, ಹಗಲೂ ರಾತ್ರಿ ಸರಾಸರಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸೌರ ಫಲಕಗಳು ಕೊಡೋದು 84ರಿಂದ 120 ಕಿಲೋವ್ಯಾಟ್. ಬೇರೆಲ್ಲ ಸ್ವಿಚ್ ಆರಿಸಿ ಬರೀ ಬೆಳೆಗೇ ಕೊಟ್ಟರೂ ಹತ್ತೋ ಹನ್ನೆರಡೋ ಜನರ ಹೊಟ್ಟೆ ತುಂಬೀತು.

ಕರೆಂಟಾದರೂ ಹೇಗೋ ಹೊಂದಿಸಬಹುದು, ನನಗೆ ಹೆದರಿಕೆ ಬಿಸಿಯದ್ದು. ನನ್ನ ಪುದೀನ ಟ್ರೇ ಮೇಲಿರೋದು ಪುಟ್ಟ ದೀಪ. ಅದರ ಬಿಸಿ ಹೊರಹಾಕೋ ಲೋಹದ ಹೀಟ್‌ಸಿಂಕ್ ಮೇಲೆ ಬೆರಳಿಟ್ಟರೆ ಐದು ಎಣಿಸುವಷ್ಟರಲ್ಲಿ ಕೈ ತೆಗೀಬೇಕು. ಇಲ್ಲಿ ಬಿಸಿಗಾಳಿ ತಾನೇ ಮೇಲೇರಿ ಹೋಗುತ್ತೆ. ತೂಕವಿಲ್ಲದ ಕಡೆ ಹಾಗಾಗಲ್ಲ: ಬಿಸಿಯೂ ಎಲೆ ಬಿಟ್ಟ ತೇವವೂ ಎಲೆಗೇ ಅಂಟಿಕೊಂಡು ನಿಲ್ಲುತ್ತೆ. ಅದಕ್ಕೆ ಫ್ಯಾನು. ತೇವವನ್ನು ತಣಿಸಿ ನೀರು ಹಿಡಿಯೋಕೆ ಇನ್ನೊಂದು ಯಂತ್ರ. ಕೊನೆಗೆ ಆ ಒಂಬತ್ತು ಕಿಲೋವ್ಯಾಟೂ ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿ, ಗಾಳಿಯೇ ಇಲ್ಲದ ಹೊರಗಡೆಗೆ ಬರೀ ವಿಕಿರಣವಾಗಿ ಹೋಗಬೇಕು. ಕೋಣೆಯ ಉಷ್ಣತೆಯಲ್ಲಿರೋ ಒಂದು ಚದರ ಮೀಟರ್ ಫಲಕ ಒಂದು ಮುಖದಿಂದ ಹೊರಹಾಕೋದು ಹೆಚ್ಚೆಂದರೆ 450 ವ್ಯಾಟ್ ಆಸುಪಾಸು. ಅಂದರೆ ಒಬ್ಬರ ಊಟಕ್ಕೆ ಅಂತಲೇ, ಎರಡೂ ಮುಖ ಬಳಸಿದರೂ, ಹತ್ತು ಚದರ ಮೀಟರ್ ಫಲಕ.

ಬಿಸಿಲನ್ನೇ ನೇರವಾಗಿ ಬಿಟ್ಟರಾಗದೇ ಅಂತ ಕೇಳ್ತಾರೆ. ಚಂದ್ರನಲ್ಲಿ ಬಹುತೇಕ ಕಡೆ ರಾತ್ರಿ ಅಂದರೆ ನಮ್ಮ ಹದಿನಾಲ್ಕು ದಿನ. ಮಂಗಳಕ್ಕೆ ತಲುಪೋ ಬಿಸಿಲು ನಮಗೆ ಸಿಗೋದರ ಶೇ. 43ರಷ್ಟು, ಮೇಲೆ ಧೂಳು ಬೇರೆ; 2018ರಲ್ಲಿ ಅಲ್ಲಿ ಬಿಸಿಲಿನ ಕರೆಂಟಿನಿಂದ ಓಡಾಡುತ್ತಿದ್ದ ಆಪರ್ಚುನಿಟಿ ರೋವರ್ ಸದ್ದಡಗಿದ್ದು ಧೂಳಿನ ಬಿರುಗಾಳಿಗೇ. ಹಾಗಾಗಿ ಪರಮಾಣು ರಿಯಾಕ್ಟರಿನ ಮಾತು. ಚಂದ್ರನಿಗಾಗಿ ನಾಸಾ 2022ರಲ್ಲಿ ವಿನ್ಯಾಸ ಮಾಡಿಸಲು ಹೊರಟಿದ್ದು 40 ಕಿಲೋವ್ಯಾಟಿನದು: ನನ್ನ ಲೆಕ್ಕದಲ್ಲಿ ನಾಲ್ಕು ತಟ್ಟೆ.

ಅದಕ್ಕೇ ನಾನು ಸೊಪ್ಪಿನ ಪಕ್ಷ. 2015ರಲ್ಲಿ ನಿಲ್ದಾಣದಲ್ಲಿ ಬೆಳೆದು ತಿಂದರಲ್ಲ, ಆ ಕೆಂಪು ಲೆಟ್ಯೂಸಿನಲ್ಲಿ ಕ್ಯಾಲೊರಿ ಇಲ್ಲವೇ ಇಲ್ಲ ಅನ್ನಬಹುದು. ಬೇಡವೂ ಬೇಡ. ವರ್ಷಗಟ್ಟಲೆ ಇಟ್ಟ ಪೊಟ್ಟಣದ ಊಟದಲ್ಲಿ ಕುಗ್ಗೋದು ಸಿ ವಿಟಮಿನ್, ಬಿ1. ಅದನ್ನು ತಾಜಾ ಎಲೆ ತುಂಬಿಕೊಟ್ಟರೆ ಸಾಕು. ಹೊಟ್ಟೆ ತುಂಬಿಸೋದು ಪೊಟ್ಟಣದ ಕೆಲಸ. ಇಲ್ಲ, ಪೂರ್ತಿ ಊಟವೇ ದೀಪದಡಿ ಬೆಳೀಬೇಕು ಅಂತ ಹಟ ಹಿಡಿದರೆ ನನ್ನ ಓಟು ಆಲೂಗಡ್ಡೆಗೆ. ಗಿಡದ ಒಣತೂಕದಲ್ಲಿ ಮುಕ್ಕಾಲು ಪಾಲು ಗೆಡ್ಡೆಯೇ ಆಗಬಲ್ಲದು, ಆಗ ಒಂಬತ್ತು ಕಿಲೋವ್ಯಾಟ್ ಆರಕ್ಕೆ ಇಳಿಯುತ್ತೆ. ಮೂರು ಹೊತ್ತೂ ಅದನ್ನೇ ತಿನ್ನೋರನ್ನು ಹುಡುಕೋ ಕೆಲಸ ಮಾತ್ರ ನನ್ನದಲ್ಲ.