ನೆರಳಿಗೆ ಬೆದರುತ್ತಿದ್ದ ತುಂಗಿ

ಡಂಬಳದ ಸೀಮೆಯಿಂದ ಕಪ್ಪತಗುಡ್ಡದ ಕಡೆಗೆ ಹೋಗುವ ನಮ್ಮ ಬಂಡಿದಾರಿಯ ಒಂದು ತಿರುವಿನಲ್ಲಿ, ಸಂಜೆ ಐದರ ಹೊತ್ತಿಗೆ ಗಾಳಿಯಂತ್ರದ ರೆಕ್ಕೆಗಳ ನೆರಳು ಒಂದರ ಹಿಂದೆ ಒಂದರಂತೆ ನೆಲವನ್ನು ಸವರಿಕೊಂಡು ಹೋಗುತ್ತದೆ. ಆ ಯಂತ್ರಗಳನ್ನು ದಿನವೂ ನೋಡುವ ನಮಗೆ ಅದು ಗಮನಕ್ಕೇ ಬರುವುದಿಲ್ಲ. ಆದರೆ ಮೂರು ವರ್ಷದ ನನ್ನ ಹೆಣ್ಣು ಕುದುರೆ ತುಂಗಿಗೆ, ಎರಿ ಮಣ್ಣಿನ ಮೇಲೆ ಸದ್ದಿಲ್ಲದೆ ತನ್ನತ್ತಲೇ ಓಡಿಬರುವ ಆ ಕಪ್ಪು ಪಟ್ಟೆಗಿಂತ ದೊಡ್ಡ ಅಪಾಯ ಈ ಜಗತ್ತಿನಲ್ಲಿ ಇರಲಿಲ್ಲ.

ಮೊದಲ ಸಲ ಅದು ನಿಂತಲ್ಲೇ ಗಕ್ಕನೆ ತಿರುಗಿದಾಗ ನಾನು ಮಾಡಿದ್ದು ತಪ್ಪು. ಇಂದು ಬಿಟ್ಟರೆ ನಾಳೆಯೂ ಹಟ ಹಿಡಿಯುತ್ತದೆ ಎಂದುಕೊಂಡು, ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ನೆರಳಿನೊಳಗೆ ಎಳೆದೆ. ತುಂಗಿ ಎರಡು ಕಾಲ ಮೇಲೆ ಎದ್ದಿತು, ಹಗ್ಗ ಅಂಗೈಯ ಚರ್ಮವನ್ನು ಸುಲಿದುಕೊಂಡು ಹೋಯಿತು, ಕುದುರೆ ಹೊಲ ಹಾಯ್ದು ಮನೆ ಸೇರಿತು. ಕೈಗೆ ಹಗ್ಗ ಸುತ್ತಿಕೊಳ್ಳುವುದು ಎಷ್ಟು ಅಪಾಯದ ಕೆಲಸವೆಂಬುದನ್ನು ಆ ದಿನ ಕಲಿತೆ. ಬೆರಳು ಉಳಿದದ್ದೇ ಪುಣ್ಯ. ನನ್ನ ಗಾಯ ವಾರದಲ್ಲಿ ಮಾಯಿತು. ತುಂಗಿ ಮಾತ್ರ ಹದಿನೈದು ದಿನ ಆ ದಾರಿಯ ಕಡೆಗೆ ಮುಖವನ್ನೇ ಮಾಡಲಿಲ್ಲ, ನನ್ನ ಕೈಯಲ್ಲಿ ಹಗ್ಗ ಕಂಡರೆ ಹಿಂದೆ ಸರಿಯತೊಡಗಿತು. ನೆರಳಿನ ಭಯದ ಜೊತೆಗೆ ನನ್ನ ಭಯವನ್ನೂ ಅದಕ್ಕೆ ನಾನೇ ಕೊಟ್ಟಿದ್ದೆ.

ನಮ್ಮ ಅಜ್ಜ ಗದಗ ಸ್ಟೇಷನ್ನಿನ ಮುಂದೆ ಬಹಳ ವರ್ಷ ಟಾಂಗಾ ಹೊಡೆದವರು. ಗಾಯ ನೋಡಿ ಬೈಯಲಿಲ್ಲ. "ತಮ್ಮಾ, ಅದು ಅಂಜೂದಕ್ಕ ಮೊದಲ ನೀನ ಹೊಳ್ಳಿಸಿಕೊಂಡು ಬಾ. ಅಂಜಿ ಓಡಿದ್ರ ಓಡೂದನ್ನ ಕಲೀತೈತಿ" ಎಂದಷ್ಟೇ ಹೇಳಿದರು. ಮುಂದಿನ ಎರಡು ತಿಂಗಳು ನಾನು ಮಾಡಿದ್ದೆಲ್ಲ ಆ ಒಂದು ಮಾತಿನ ಪಾಲನೆ.

ಕುದುರೆ ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣದ ಜಾಗವಿದೆ. ಅಲುಗಾಡುವ ಯಾವ ವಸ್ತುವೂ ಅದರ ಕಣ್ಣು ತಪ್ಪಿಸಿಕೊಳ್ಳುವುದು ಕಡಿಮೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಆ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು, ಆದ್ದರಿಂದಲೇ ಬಿಸಿಲಿನಿಂದ ಬಂದ ಕುದುರೆ ಲಾಯದ ಬಾಗಿಲಲ್ಲಿ ತಡೆದು ನಿಲ್ಲುತ್ತದೆ. ಇದನ್ನು ಹಟವೆಂದು ಕರೆಯುವುದು ಅನ್ಯಾಯ ಎಂದು ನಾನು ಈಗ ಖಂಡಿತವಾಗಿ ನಂಬಿದ್ದೇನೆ.

ತಿರುವಿನಿಂದ ಎಷ್ಟು ದೂರದಲ್ಲಿ ನಿಂತರೆ ತುಂಗಿಗೆ ನೆರಳು ಕಾಣುತ್ತದೆ, ಆದರೂ ನೆನೆಸಿದ ಹುರುಳಿಯನ್ನು ನನ್ನ ಅಂಗೈಯಿಂದ ತಿನ್ನುತ್ತದೆ ಎಂಬುದನ್ನು ಹುಡುಕಲು ಮೂರು ಸಂಜೆ ಬೇಕಾದವು. ಆ ಜಾಗ ಒಂದು ಜಾಲಿ ಮರದ ಹತ್ತಿರ ಸಿಕ್ಕಿತು. ಹತ್ತು ಹೆಜ್ಜೆ ಮುಂದೆ ಹೋದರೆ ಬಾಯಲ್ಲಿದ್ದ ಹುರುಳಿಯನ್ನು ಅಗಿಯುವುದನ್ನೇ ನಿಲ್ಲಿಸಿಬಿಡುತ್ತಿತ್ತು. ಕಿವಿಗಳೆರಡೂ ಮುಂದಕ್ಕೆ ನೆಟ್ಟಗಾಗಿ, ಕತ್ತು ಮೇಲೇರಿ, ಮೂಗಿನ ಹೊಳ್ಳೆ ಅರಳುತ್ತಿತ್ತು. ನಾನು ನೋಡುತ್ತಿದ್ದುದು ಅಗಿಯುವ ದವಡೆಯನ್ನು. ದವಡೆ ನಿಧಾನವಾಯಿತು ಎಂದ ಕೂಡಲೇ, ಅದು ತಾನಾಗಿ ತಿರುಗುವ ಮೊದಲೇ, ನಾನೇ ತಿರುಗಿಸಿಕೊಂಡು ಜಾಲಿ ಮರಕ್ಕೆ ಮರಳುತ್ತಿದ್ದೆ. ಅಲ್ಲಿ ಹಗ್ಗ ಸಡಿಲ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕತ್ತು ಇಳಿಯುತ್ತಿತ್ತು, ತುಟಿ ಸವರಿಕೊಂಡು ಉದ್ದನೆಯ ಉಸಿರು ಬಿಡುತ್ತಿತ್ತು. ದವಡೆಯ ಒಳಅಂಚಿನ ನಾಡಿಯ ಮೇಲೆ ಬೆರಳಿಟ್ಟು ಎಣಿಸಿಯೂ ನೋಡುತ್ತಿದ್ದೆ. ಶಾಂತವಾಗಿ ನಿಂತ ಬೆಳೆದ ಕುದುರೆಗೆ ನಿಮಿಷಕ್ಕೆ 30ರಿಂದ 40 ಬಡಿತ ಸಹಜ. ತುಂಗಿಯದು ಆ ಲೆಕ್ಕಕ್ಕೆ ಇಳಿಯುವವರೆಗೆ ಮತ್ತೆ ಮುಂದೆ ಹೋಗುತ್ತಿರಲಿಲ್ಲ.

ಒಂದು ಸಂಜೆಗೆ ನಾಲ್ಕೈದು ಸಲ ಹೋಗಿ ಬಂದರೆ ಸಾಕು. ಆರನೆಯ ಸಲದ ಆಸೆಯನ್ನು ಬಿಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು, ಏಕೆಂದರೆ ಕೆಲಸ ಚೆನ್ನಾಗಿ ನಡೆಯುತ್ತಿರುವಾಗಲೇ ಮನೆಗೆ ಹೊರಡಬೇಕು.

ಒಂದು ಸಂಗತಿ ನನಗೆ ಆಶ್ಚರ್ಯ ತಂದಿತು. ಎಡಗಡೆಯಿಂದ ನೆರಳಿಗೆ ಒಗ್ಗಿಕೊಂಡಿದ್ದ ತುಂಗಿ, ಮನೆಗೆ ಮರಳುವಾಗ ಅದೇ ನೆರಳು ಬಲಗಡೆಗೆ ಬಂದೊಡನೆ ಹೊಸದನ್ನು ಕಂಡಂತೆ ಬೆಚ್ಚಿತು. ಪಳಗಿಸುವವರು ಪ್ರತಿ ಪಾಠವನ್ನೂ ಎರಡು ಪಕ್ಕದಿಂದ ಕಲಿಸುವುದು ಏಕೆಂದು ಆಗ ತಿಳಿಯಿತು. ನಾನು ಬಲಗಡೆಯ ಕೆಲಸವನ್ನು ಮೊದಲಿನಿಂದ ಶುರುಮಾಡಿದೆ, ಆದರೆ ಈ ಸಲ ಅರ್ಧದಷ್ಟು ದಿನವೂ ಹಿಡಿಯಲಿಲ್ಲ.

ತುಂಗಿ ಟ್ರ್ಯಾಕ್ಟರಿಗೂ ಅಂಜುತ್ತಿತ್ತು, ಆದರೆ ಆ ವಿಷಯ ಇದಕ್ಕಿಂತ ಸುಲಭವಾಗಿತ್ತು. ಎದುರಿಗೆ ಬರುವ ಟ್ರ್ಯಾಕ್ಟರಿನ ಮುಂದೆ ನಿಲ್ಲಿಸುವ ಬದಲು, ಹೊಲದಿಂದ ಮರಳುವ ಕಾಕಾನ ಟ್ರ್ಯಾಕ್ಟರಿನ ಹಿಂದೆ ದೂರದಲ್ಲಿ ನಡೆಸಿಕೊಂಡು ಹೋದೆವು. ತನ್ನಿಂದ ದೂರ ಹೋಗುವ ವಸ್ತುವನ್ನು ಕುದುರೆ ಸಾಮಾನ್ಯವಾಗಿ ಅಷ್ಟು ಅಂಜದೆ ಹಿಂಬಾಲಿಸುತ್ತದೆ. ನಾಲ್ಕನೆಯ ದಿನ ಟ್ರೇಲರಿನಲ್ಲಿದ್ದ ಜೋಳದ ಕಣಿಕೆಗೆ ತಾನೇ ಮೂತಿ ಚಾಚಿತು.

ಎರಡು ತಿಂಗಳ ಕೊನೆಗೆ ಒಂದು ಸಂಜೆ, ಗಾಳಿ ಜೋರಾಗಿದ್ದಾಗ, ತುಂಗಿ ತಿರುವಿನ ಅಂಚಿನಲ್ಲಿ ತಾನಾಗಿ ನಿಂತಿತು. ಹಗ್ಗ ಸಡಿಲವಾಗಿಯೇ ಇತ್ತು. ತಲೆ ತಗ್ಗಿಸಿ, ನೆರಳು ಹಾಯುವ ಮಣ್ಣನ್ನು ಮೂಸಿತು. ರೆಕ್ಕೆಯ ಪಟ್ಟೆ ಅದರ ಹಣೆಯ ಮೇಲೆ, ಕತ್ತಿನ ಮೇಲೆ, ಬೆನ್ನ ಮೇಲೆ ಹಾಯ್ದು ಹೋಯಿತು. ಮೈಯ ಚರ್ಮ ಒಮ್ಮೆ ನೊಣ ಕೂತಂತೆ ಅದುರಿತು, ಅಷ್ಟೇ. ಆಮೇಲೆ ಬದುವಿನ ಹುಲ್ಲಿಗೆ ಬಾಯಿ ಹಾಕಿತು. ನಾನು ಅಲ್ಲೇ ಕುಳಿತೆ, ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಈಗ ಮದುವೆ ಮೆರವಣಿಗೆಗೆ ತುಂಗಿಯನ್ನು ಕೇಳಿಕೊಂಡು ಊರಿನವರು ಬರುತ್ತಿದ್ದಾರೆ. ಕುದುರೆಯ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು, ಬ್ಯಾಂಡು ಮತ್ತು ಪಟಾಕಿಯ ಪಾಠವಂತೂ ನಾವಿನ್ನೂ ಶುರುವೇ ಮಾಡಿಲ್ಲ. ಹಣ ಬೇಕಾಗಿದ್ದರೂ ಎಲ್ಲರಿಗೂ ಆಗುವುದಿಲ್ಲವೆಂದು ಹೇಳಿ ಕಳಿಸಿದ್ದೇನೆ. ಈ ವಾರ ಅಜ್ಜ ಲಾಯದಿಂದ ದೂರದಲ್ಲಿ ನಿಂತು ಒಂದು ಹಳೆಯ ಹಲಗೆ ವಾದ್ಯವನ್ನು ಮೆಲ್ಲಗೆ ಬಾರಿಸುತ್ತಾರೆ, ನಾನು ಹುರುಳಿಯ ಬುಟ್ಟಿ ಹಿಡಿದು ತುಂಗಿಯ ದವಡೆಯನ್ನು ನೋಡುತ್ತ ನಿಲ್ಲುತ್ತೇನೆ.